ಕೇಸ್ ಬುಕ್ಕಿನಲ್ಲಿ ಹೆರಿಗೆ

ಕೇಂದ್ರ ಆರೋಗ್ಯ ಸಚಿವಾಲಯದ 2018ರ ಮಿಡ್‌ವೈಫರಿ ಮಾರ್ಗಸೂಚಿಗೆ ಅದರ ಯೋಗ್ಯತೆಗಿಂತ ಹೆಚ್ಚು ಹೊಗಳಿಕೆ ಸಿಕ್ಕಿದೆ. ನರ್ಸಿಂಗ್ ಓದಿದವರಿಗೆ 18 ತಿಂಗಳ ವಿಶೇಷ ತರಬೇತಿ, ಸಹಜ ಹೆರಿಗೆಯ ಹೊಣೆ ಅವರದೇ. ಅಂತಾರಾಷ್ಟ್ರೀಯ ಸೂಲಗಿತ್ತಿಯರ ಒಕ್ಕೂಟವೂ ನರ್ಸುಗಳಿಗೆ ಕನಿಷ್ಠ 18 ತಿಂಗಳನ್ನೇ ಹೇಳುತ್ತದೆ. ಲೆಕ್ಕ ಹೊಂದಿತು, ಮೆಚ್ಚುಗೆ ಹರಿಯಿತು.

ತಿಂಗಳ ಲೆಕ್ಕ ನನಗೆ ಮುಖ್ಯವಲ್ಲ. ವಿದ್ಯಾರ್ಥಿನಿ ತನ್ನ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದಳು ಎಂಬುದೇ ಮುಖ್ಯ. ಐರೋಪ್ಯ ಒಕ್ಕೂಟದ ನಿಯಮ ಇಲ್ಲಿ ಬಿಗಿಯಾಗಿದೆ: ಕನಿಷ್ಠ 40 ಹೆರಿಗೆಗಳನ್ನು ಅವಳೇ ನಡೆಸಬೇಕು. ಅಷ್ಟು ಬಸುರಿಯರು ಸಿಗದಿದ್ದರೆ 30ಕ್ಕೆ ಇಳಿಸಬಹುದು, ಆದರೆ ಇನ್ನೂ 20ರಲ್ಲಿ ಕೈಜೋಡಿಸಿರಬೇಕು. ನಡೆಸಿದ್ದಕ್ಕೂ ಜೊತೆಗಿದ್ದದ್ದಕ್ಕೂ ಒಂದೇ ಬೆಲೆಯಿಲ್ಲ ಎಂಬುದನ್ನು ಈ ನಿಯಮ ಒಪ್ಪಿಕೊಂಡೇ ಹುಟ್ಟಿದೆ.

ನಮ್ಮಲ್ಲಿ ಈ ಗೆರೆ ಅಳಿಸಿಹೋಗುವುದು ವಿದ್ಯಾರ್ಥಿನಿ ತನ್ನ ಹೆರಿಗೆಗಳನ್ನು ಬರೆದಿಡುವ ಕೇಸ್ ಬುಕ್ಕಿನಲ್ಲಿ. ಬೋಧನಾ ಆಸ್ಪತ್ರೆಯ ಲೇಬರ್ ರೂಮಿನಲ್ಲಿ ಒಬ್ಬ ತಾಯಿಯ ಸುತ್ತ ಪಿಜಿಗಳು, ಇಂಟರ್ನ್‌ಗಳು, ನರ್ಸಿಂಗ್ ವಿದ್ಯಾರ್ಥಿನಿಯರು ನಿಲ್ಲುತ್ತಾರೆ. ತಲೆ ಹೊರಬರುವಾಗ ಕೈ ಕೊಡುವವರು ಒಬ್ಬರು, ಆ ಹೆರಿಗೆಯನ್ನು ಬರೆದುಕೊಳ್ಳುವವರು ಹಲವರು. ಸಹಿ ಬಿದ್ದರೆ ಸಂಖ್ಯೆ ಪೂರ್ತಿ. ನೋವು ಶುರುವಾದಾಗಿನಿಂದ ಮಾಸು ಬೀಳುವವರೆಗೆ ಒಬ್ಬಳೇ ತಾಯಿಯ ಪಕ್ಕ ಕೂತು, ಹೆರಿಗೆಯ ಪ್ರಗತಿ ಗುರುತಿಸುವ ಪಾರ್ಟೋಗ್ರಾಫ್ ತುಂಬಿ, ಮಗುವಿನ ಎದೆಬಡಿತ ಕೇಳುತ್ತ, ಈಗ ಡಾಕ್ಟರನ್ನು ಕರೆಯಬೇಕೇ ಬೇಡವೇ ಎಂದು ತೀರ್ಮಾನಿಸುವ ಅಭ್ಯಾಸ ಆ ಸಹಿಯಿಂದ ಬರುವುದಿಲ್ಲ. ಮಾರ್ಗಸೂಚಿ ಬಯಸುವುದಾದರೂ ಈ ತೀರ್ಮಾನಶಕ್ತಿಯನ್ನೇ.

ಈ ಮಾತಿಗೆ ನಮ್ಮ ಕೆಲವು ಲೇಖಕರು ಸೂಲಗಿತ್ತಿ ನರಸಮ್ಮನವರನ್ನು ಮುಂದಿಟ್ಟು, ಅವರು ಯಾವ ಕಾಲೇಜಿಗೆ ಹೋಗಿದ್ದರು ಎಂದು ಕೇಳುತ್ತಾರೆ. ಪಾವಗಡದ ಆ ತಾಯಿಗೆ 2018ರಲ್ಲಿ ಬಂದ ಪದ್ಮಶ್ರೀ ಸಲ್ಲಬೇಕಾದ್ದೇ. ಆದರೆ ಅವರ ಹೆಸರಿನಲ್ಲಿ ತರಬೇತಿಯನ್ನು ಹಗುರ ಮಾಡುವುದು ಅವರಿಗೂ ಅನ್ಯಾಯ. ಮನೆಯ ಹಿರಿಯಳ ಪಕ್ಕದಲ್ಲಿ ಕೂತು ಹೆರಿಗೆಯ ಮೇಲೆ ಹೆರಿಗೆ ನೋಡಿ, ಮಾಡಿ ಕಲಿತವರು ಅವರು. ಅದು ತರಬೇತಿಯೇ, ಇಂದಿನ ಬಹುಪಾಲು ತರಬೇತಿಗಿಂತ ದೀರ್ಘವಾದದ್ದು. ರಕ್ತಸ್ರಾವ ನಿಲ್ಲದಾಗ ಕೊಡಲು ಅವರ ಬಳಿ ಆಕ್ಸಿಟೋಸಿನ್ ಇರಲಿಲ್ಲ ಎಂಬ ಕೊರತೆಯನ್ನು ಈ ಲೇಖಕರು ಮರೆಯುತ್ತಾರೆ. ಹೆರಿಗೆಯೆಂದರೆ ವೈದ್ಯರದ್ದೇ ಎನ್ನುವವರು ಆ ಕೂತು ಕಲಿಯುವ ಕಾಲವನ್ನೇ ಮರೆಯುತ್ತಾರೆ.

ತರಬೇತಿ ಹಗುರವಾದರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. ಕರ್ತಾರ್ ಸಿಂಗ್ ಸಮಿತಿಯ 1973ರ ವರದಿಯ ಬೆನ್ನಿಗೆ ಎಎನ್‌ಎಂಗಳು, ಅಂದರೆ ಸಹಾಯಕ ನರ್ಸ್-ಸೂಲಗಿತ್ತಿಯರು, ಬಹೂದ್ದೇಶ ಕಾರ್ಯಕರ್ತೆಯರಾದರು, ಅವರ ತರಬೇತಿ 24 ತಿಂಗಳಿಂದ 18ಕ್ಕೆ ಇಳಿಯಿತು, ಹೆರಿಗೆಯ ಪಾಲು ಸೊರಗಿತು. ಆ ನಷ್ಟ ಮತ್ತೆ ಆಗಬಾರದು.

ನರ್ಸಿಂಗ್ ಪರಿಷತ್ತು ಒಂದು ಕೆಲಸ ಮಾಡಲಿ: ಒಂದು ಹೆರಿಗೆ ಒಬ್ಬಳೇ ವಿದ್ಯಾರ್ಥಿನಿಯ ಹೆಸರಿಗೆ ಮಾತ್ರ ದಾಖಲಾಗಲಿ, ಪರೀಕ್ಷೆಗೆ ಮುನ್ನ ಕೇಸ್ ಬುಕ್ಕನ್ನು ಲೇಬರ್ ರೂಮಿನ ರಿಜಿಸ್ಟರಿನೊಂದಿಗೆ ತಾಳೆ ನೋಡಲಿ.