‘ಗ್ರ್ಯಾವಿಟಿ’ಯಲ್ಲಿ ಇಲ್ಲದ ಸೆಳೆತ

ಅಲ್ಫಾನ್ಸೊ ಕ್ವಾರೋನ್ ನಿರ್ದೇಶಿಸಿದ, ೨೦೧೩ರ ‘ಗ್ರ್ಯಾವಿಟಿ’ ಚಿತ್ರ ಭೌತಶಾಸ್ತ್ರವನ್ನು ಬಹುಮಟ್ಟಿಗೆ ಗೌರವಿಸುತ್ತದೆ. ಉಪಗ್ರಹದ ಚೂರುಗಳು ನೌಕೆಯನ್ನು ಸೀಳಿದರೂ ಸ್ಫೋಟದ ಸದ್ದಿಲ್ಲ. ಗಾಳಿಯಿಲ್ಲದೆಡೆ ಸದ್ದು ಹಬ್ಬುವುದಿಲ್ಲವಷ್ಟೆ. ಮುಂದೆ ನಾಯಕಿ ಸ್ಟೋನ್ ಬೆಂಕಿ ಆರಿಸುವ ಸಿಲಿಂಡರಿನ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ಸಾಗುತ್ತಾಳೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಅವಳೂ ಸಹಯಾತ್ರಿ ಕೊವಾಲ್‌ಸ್ಕಿಯೂ ಹಬಲ್ ದೂರದರ್ಶಕದ ಬಳಿಯಿಂದ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಬೆನ್ನಿನ ಯಂತ್ರದಿಂದಲೇ ತೇಲಿ ಹೋಗುತ್ತಾರೆ. ಒಂದರ ಕಕ್ಷೆ ಭೂಮಧ್ಯರೇಖೆಗೆ ೨೮.೫ ಡಿಗ್ರಿ ಓರೆ, ಇನ್ನೊಂದರದು ೫೧.೬, ಅದು ಆಗದ ಮಾತು. ಕಥೆಗಾಗಿ ಮನ್ನಿಸೋಣ.

ಮನ್ನಿಸಲಾಗದ್ದು ಕೊವಾಲ್‌ಸ್ಕಿಯ ಸಾವು. ಸ್ಟೋನಳ ಕಾಲು ನಿಲ್ದಾಣಕ್ಕೆ ತೊಡರಿದ ಪ್ಯಾರಾಚೂಟಿನ ಹಗ್ಗಗಳಿಗೆ ಸಿಕ್ಕಿದೆ. ಅವಳು ಹಿಡಿದ ಪಟ್ಟಿಯ ತುದಿಯಲ್ಲಿ ಅವನು. ಇಬ್ಬರ ಓಟವೂ ನಿಂತಂತೆ ಕಾಣುತ್ತದೆ. ಭೂಮಿಯ ಸೆಳೆತ ಅಲ್ಲಿಯೂ ಉಂಟು. ಆದರೆ ಅದು ನಿಲ್ದಾಣವನ್ನೂ ಅವರಿಬ್ಬರನ್ನೂ ಒಂದೇ ಸಮನೆ ಸೆಳೆಯುತ್ತದೆ. ಪಟ್ಟಿಯನ್ನು ಮೆಲ್ಲಗೆ ಒಮ್ಮೆ ಜಗ್ಗಿದ್ದರೆ ಅವನು ತೇಲಿ ಬರುತ್ತಿದ್ದ. ಅವನಾದರೋ ಬಾವಿಯೊಳಗೆ ಜೋತುಬಿದ್ದವನಂತೆ, ಅವಳಾದರೂ ಉಳಿಯಲೆಂದು ಕೊಂಡಿ ಕಳಚಿಕೊಳ್ಳುತ್ತಾನೆ.

ಚಿತ್ರದ ಅತಿ ದೊಡ್ಡ ತ್ಯಾಗ ಹೀಗೆ ಇಲ್ಲದ ಬಲವೊಂದರ ಮೇಲೆ ನಿಂತಿದೆ. ಉಳಿದೆಡೆ ನಿಯಮವನ್ನು ನಂಬಿಸಿದ್ದರಿಂದಲೇ ಇಲ್ಲಿ ಮನಸ್ಸು ಕಲಕುವುದಿಲ್ಲ. ಆದರೂ ಮಕ್ಕಳೊಡನೆ ನೋಡಬೇಕಾದ ಚಿತ್ರ. ಮುಗಿದ ಮೇಲೆ ಆ ಪಟ್ಟಿಯ ಪ್ರಶ್ನೆಯನ್ನು ಅವರಿಗೇ ಬಿಡಿ.