ಸಾಸಿವೆ ಸಿಗದ ಮನೆಗಳು

ನನ್ನ ತಮ್ಮ ತೀರಿಕೊಂಡ ಮೇಲೆ ಅಮ್ಮ ಹನ್ನೊಂದು ದಿನ ಅಳಲಿಲ್ಲ. ಬಂದವರೆಲ್ಲ ಧೈರ್ಯ ಹೇಳಿದರು. ಒಬ್ಬರು ‘ಮಂಕುತಿಮ್ಮನ ಕಗ್ಗ’ ತಂದುಕೊಟ್ಟರು, ಇನ್ನೊಬ್ಬರು ಗೀತೆಯ ಮಾತು ಎತ್ತಿದರು. ಅಮ್ಮ ಎಲ್ಲದಕ್ಕೂ ಹೂಂಗುಟ್ಟಿದಳು. ಹನ್ನೆರಡನೆಯ ದಿನ ಹಿಂದಿನ ಬೀದಿಯ ಅಕ್ಕ ಒಬ್ಬಳು ಬಂದಳು. ಏನೂ ಹೇಳದೆ ಮೊರ ಎಳೆದುಕೊಂಡು ಅಮ್ಮನ ಜೊತೆ ಅಕ್ಕಿ ಆರಿಸಲು ಕೂತಳು. ಸ್ವಲ್ಪ ಹೊತ್ತಾದ ಮೇಲೆ, ಕಲ್ಲು ಹೆಕ್ಕುತ್ತಲೇ, ಎಂಟು ವರ್ಷದ ಹಿಂದೆ ಹೋದ ತನ್ನ ಮಗನ ಮಾತು ತೆಗೆದಳು. ಅವನಿಗೆಂದು ಹೊಲಿಸಿದ ಅಂಗಿ ಇನ್ನೂ ಟ್ರಂಕಿನಲ್ಲಿದೆ, ಯಾರಿಗೂ ಕೊಡೋಕೆ ಮನಸ್ಸೇ ಬಂದಿಲ್ಲ ಕಣೇ ಅಂದಳು. ಅಮ್ಮ ಮೊರ ಕೆಳಗಿಟ್ಟು ಅತ್ತಳು.

ಸ್ವಂತ ದುಃಖದಿಂದ ಹುಟ್ಟಿ ಇನ್ನೊಬ್ಬರಿಗೆ ಭರವಸೆ ಕೊಡಲು ಹೊರಟ ಬರಹವನ್ನು ಓದುವಾಗಲೆಲ್ಲ ನನಗೆ ಆ ಮೊರ ಕಣ್ಣಮುಂದೆ ಬರುತ್ತದೆ. ಈ ಪುಸ್ತಕ ಧೈರ್ಯ ಹೇಳಲು ಬಂದದ್ದೋ, ಅಕ್ಕಿ ಆರಿಸಲು ಬಂದದ್ದೋ ಎಂದು ಕೇಳಿಕೊಳ್ಳುತ್ತೇನೆ. ಕನ್ನಡದಲ್ಲಿ ಎರಡೂ ಬಗೆಯವು ಇವೆ, ಎರಡಕ್ಕೂ ದೊಡ್ಡ ಹೆಸರುಗಳಿವೆ.

ನಮ್ಮ ಹಳೆಯ ಕಾವ್ಯದಲ್ಲಿ ಶೋಕಕ್ಕೆ ಬರವಿಲ್ಲ. ರನ್ನನ ದುರ್ಯೋಧನ ರಣರಂಗದಲ್ಲಿ ತನ್ನವರ ಹೆಣಗಳನ್ನು ಕಂಡು ಗೋಳಿಡುತ್ತಾನೆ, ರಾಘವಾಂಕನ ಚಂದ್ರಮತಿ ಲೋಹಿತಾಶ್ವನನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾಳೆ. ಆದರೆ ಅದು ಪಾತ್ರದ ಅಳು. ಕವಿಯ ಮನೆಯಲ್ಲಿ ಯಾರು ಸತ್ತಿದ್ದರೋ ನಮಗೆ ತಿಳಿಯದು. ತಮ್ಮ ಮನೆಯ ನೋವನ್ನು ತಮ್ಮದೆಂದೇ ಹಾಡಿದವರು ಬೀಸುಕಲ್ಲಿನ ಮುಂದೆ ಕೂತ ಹೆಂಗಸರು. ಹಲಸಂಗಿಯ ಗೆಳೆಯರು ಆ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಆ ಹಾಡುಗಳಲ್ಲಿ ಸಮಾಧಾನದ ಮಾತು ಸಿಗುವುದು ಕಡಿಮೆ. ಒಬ್ಬಳು ಹಾಡಿದ್ದಕ್ಕೆ ಇನ್ನೊಬ್ಬಳ ದನಿ ಕೂಡುತ್ತದೆ, ಕಲ್ಲು ತಿರುಗುತ್ತದೆ, ಅಷ್ಟೇ. ನಮ್ಮ ಪರಂಪರೆಯ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ಅಚ್ಚಿನ ಲೋಕದಲ್ಲಿ, ಸ್ವಂತ ನೋವಿನಿಂದ ಹೊರಟು ಭರವಸೆ ಕೊಡುವ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ನಂಜನಗೂಡು ತಿರುಮಲಾಂಬ ಒಬ್ಬರು. 1887ರಲ್ಲಿ ಹುಟ್ಟಿದ ಆಕೆ ಹದಿನಾಲ್ಕಕ್ಕೇ ವಿಧವೆಯಾದರು. ಆ ಕಾಲಕ್ಕೆ ಅಂಥ ಹುಡುಗಿಯ ಪಾಲಿಗೆ ಉಳಿಯುತ್ತಿದ್ದದ್ದು ಅಡುಗೆಮನೆಯ ಮೂಲೆ. ತಂದೆಯ ಒತ್ತಾಸೆಯಿಂದ ಓದಿ, ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ, 1913ರಲ್ಲಿ ‘ಸುಶೀಲೆ’ ಕಾದಂಬರಿ ಹೊರತಂದರು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಇಂದು ಆ ಕಾದಂಬರಿಗಳನ್ನು ಓದಿದರೆ ಉಪದೇಶ ಜಾಸ್ತಿ ಅನಿಸುತ್ತದೆ. ಸಹನೆಯೇ ಹೆಣ್ಣಿಗೆ ಭೂಷಣ ಎಂಬ ಧಾಟಿಯನ್ನು ಒಪ್ಪಿಕೊಳ್ಳುವುದು ನನ್ನಿಂದಾಗದು. ತಮ್ಮ ಸಂಕಟವನ್ನು ಆಕೆ ನೇರವಾಗಿ ಬರೆಯಲೂ ಇಲ್ಲ, ಕಥೆಯ ಸೆರಗಿನಲ್ಲಿ ಮುಚ್ಚಿಟ್ಟರು. ಆದರೂ ಓದು ಕಲಿತ ಎಷ್ಟೋ ಹೆಂಗಸರಿಗೆ, ತಮ್ಮ ಹಾಗೆಯೇ ಇರುವ ಒಬ್ಬಳು ಪತ್ರಿಕೆಯ ಮೇಲೆ ತನ್ನ ಹೆಸರು ಹಾಕಿಕೊಂಡಿದ್ದಾಳೆ ಎಂಬುದೇ ಭರವಸೆಯಾಗಿದ್ದಿರಬೇಕು. ಪುಸ್ತಕದೊಳಗಿನ ಮಾತಿಗಿಂತ ಆ ಹೆಸರು ದೊಡ್ಡದು.

ಬೇಂದ್ರೆಯವರಲ್ಲಿ ಸೆರಗು ಸರಿಯುತ್ತದೆ. ಒಂದರ ಮೇಲೊಂದು ಮಕ್ಕಳನ್ನು ಕಳೆದುಕೊಂಡ ಮನೆ ಅದು. ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯನ್ನು ಮೊದಲ ಸಲ ಹಾಡಾಗಿ ಕೇಳಿದವರು ಅದನ್ನು ಪ್ರೇಮಗೀತೆಯೆಂದೇ ತಿಳಿಯುವುದುಂಟು. ನಾನೂ ಹಾಗೇ ತಿಳಿದಿದ್ದೆ. ಆದರೆ ಅಲ್ಲಿ ಗಂಡ ಹೆಂಡತಿಗೆ ನನ್ನ ಕಡೆ ಹಾಗೆ ನೋಡಬೇಡ ಅನ್ನುತ್ತಿದ್ದಾನೆ, ಇಬ್ಬರ ನಡುವೆ ಮಗು ಹೋಗಿದೆ. ಕೂಸಿನ ಬಗ್ಗೆ ಕವಿತೆ ಹೆಚ್ಚೇನೂ ಹೇಳುವುದಿಲ್ಲ. ಹೆಂಡತಿಯ ಮುಖ ನೋಡಿದರೆ ಅವನಿಗೆ ಕಾಣುವುದು ಹಗಲಿನ ಆಕಾಶದಲ್ಲಿ ಸತ್ತು ತೇಲುವ ಚಂದ್ರ. ಅವಳು ಗಂಡನಿಗಾಗಿ ತನ್ನ ಬಿಕ್ಕು ತಡೆದುಕೊಂಡಿದ್ದಾಳೆ, ಅದೇ ಅವನಿಗೆ ತಾಳಲಾಗದ್ದು. ಅವನು ಕೇಳುವುದು ಒಂದೇ, ಅತ್ತುಬಿಡು ಎಂದು. ಇನ್ನೊಂದು ಮಗುವಾಗುತ್ತದೆ, ಕಾಲವೇ ಮದ್ದು ಎಂಬ ಮಾತುಗಳಲ್ಲಿ ಒಂದೂ ಇಲ್ಲ. ಧಾರವಾಡದ ಮನೆಮಾತಿನಲ್ಲೇ ಆಡಿದ್ದಾನೆ, ಗ್ರಾಂಥಿಕಕ್ಕೆ ಏರಿದ್ದರೆ ಆ ಇಬ್ಬರ ನಡುವಿನ ಆಪ್ತತೆ ಅಲ್ಲೇ ಒಡೆದುಹೋಗುತ್ತಿತ್ತು. ಮಗು ಕಳೆದುಕೊಂಡ ಅಪ್ಪಂದಿರು ಅಳಬಾರದೆಂಬ ನಾಡಿನಲ್ಲಿ, ಹೆಂಡತಿಯ ಕಣ್ಣನ್ನು ಎದುರಿಸಲಾರೆ ಎಂದು ಒಬ್ಬ ಗಂಡಸು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಈ ಬಗೆಯ ಬರಹದಲ್ಲಿ ಕನ್ನಡಕ್ಕೆ ಇದಕ್ಕಿಂತ ಮೇಲಿನದು ಬಂದಿಲ್ಲ.

‘ಮಂಕುತಿಮ್ಮನ ಕಗ್ಗ’ ಬರೆದ ಡಿವಿಜಿಯವರ ದಾರಿ ಬೇರೆ. ಹೆಂಡತಿ ಬೇಗ ತೀರಿಕೊಂಡರು, ಮರುಮದುವೆಯಾಗಲಿಲ್ಲ. 1943ರಲ್ಲಿ ಬಂದ ಕಗ್ಗದ 945 ಪದ್ಯಗಳಲ್ಲಿ ಆ ಮನೆಯ ಗುರುತು ಎಲ್ಲೂ ಎದ್ದು ಕಾಣದು. ನೋವನ್ನು ಅರೆದು, ಸೋಸಿ, ಎಲ್ಲರಿಗೂ ಸಲ್ಲುವ ವಿವೇಕ ಮಾಡಿಟ್ಟಿದ್ದಾರೆ. ಅದರ ಬೆಲೆ ನನಗೆ ಗೊತ್ತು. ಆದರೆ ಸೂತಕದ ಮನೆಗೆ ಮೊದಲ ವಾರವೇ ಕಗ್ಗ ಒಯ್ಯುವುದು ತಪ್ಪು. ಒಲೆ ಉರಿಯದ ಮನೆಗೆ ನೆರೆಯವರು ಬುತ್ತಿ ತರುತ್ತಾರಲ್ಲ, ಆಗ ಬೇಕಾದದ್ದು ಮೆತ್ತಗಿನ ಅನ್ನ. ನಮ್ಮ ಅಮ್ಮ ಆ ಪುಸ್ತಕ ತೆರೆದದ್ದು ಮೂರು ವರ್ಷದ ಮೇಲೆ. ಆಮೇಲೆ ಅದನ್ನು ಕೈಬಿಡಲಿಲ್ಲ.

ಈಚಿನ ದಶಕಗಳಲ್ಲಿ ಭರವಸೆಯ ಬರಹ ಅಂಕಣಗಳಿಗೆ, ಭಾಷಣಗಳಿಗೆ ಇಳಿದಿದೆ. ಬಹಳಷ್ಟರ ನಡೆ ಒಂದೇ: ಮೊದಲ ಪ್ಯಾರಾದಲ್ಲಿ ಕಷ್ಟ, ಎರಡರಲ್ಲಿ ಹೋರಾಟ, ಕೊನೆಯಲ್ಲಿ ಗೆಲುವು. ಗೆಲ್ಲದವರಿಗೆ ಅಲ್ಲಿ ಜಾಗವಿಲ್ಲ. ಓದಿದ ಮೇಲೆ, ನನ್ನ ಕೈಲಿ ಮಾತ್ರ ಯಾಕಾಗುತ್ತಿಲ್ಲ ಎಂಬ ಹೊಸ ಸಂಕಟವೊಂದು ಹುಟ್ಟುತ್ತದೆ. ಇದಕ್ಕೆ ಹೊರತಾಗಿ ನಿಲ್ಲುವ ಪುಸ್ತಕ ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’. ಕ್ಯಾನ್ಸರ್ ಬಂದ ದಿನಗಳ ಆತ್ಮಕಥನ ಅದು. ಭಯವನ್ನು ಭಯವೆಂದೇ ಬರೆಯುತ್ತದೆ.

ಆ ಹೆಸರು ಮಗು ಕಳೆದುಕೊಂಡ ಕಿಸಾಗೋತಮಿಯ ಕಥೆಯನ್ನು ನೆನಪಿಸುತ್ತದೆ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಬುದ್ಧ ಅವಳನ್ನು ಕಳಿಸಿದ್ದು ಎಲ್ಲರೂ ಸಾಯುತ್ತಾರೆಂದು ತೋರಿಸಲು ಎಂದು ಶಾಲೆಯಲ್ಲಿ ಕಲಿತೆವು. ಅವಳು ಒಂದೊಂದೇ ಬಾಗಿಲು ತಟ್ಟಿದ್ದನ್ನು ನೆನೆಸಿಕೊಳ್ಳಿ. ಪ್ರತಿ ಹೊಸ್ತಿಲಲ್ಲೂ ಯಾರೋ ಒಬ್ಬರು ತಮ್ಮ ಅಪ್ಪನ, ಮಗಳ ಮಾತು ಹೇಳಿರಬೇಕು. ಸತ್ತ ಕೂಸನ್ನು ಎತ್ತಿಕೊಂಡಿದ್ದ ಅವಳ ಕೈ ಸಡಿಲವಾದದ್ದು ಆ ಮಾತುಗಳಿಂದ. ಬುದ್ಧನ ಉಪದೇಶ ಬಂದದ್ದು ಆಮೇಲೆ.

2020, 2021ರ ಕೊರೊನಾ ದಿನಗಳಲ್ಲಿ ಅಪ್ಪನ ಮುಖವನ್ನೂ ಸರಿಯಾಗಿ ನೋಡಲಾಗದೆ, ದೂರದಲ್ಲಿ ನಿಂತು ಬೀಳ್ಕೊಟ್ಟವರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಸಾಲುಸಾಲು ಚಿತೆಗಳ ಫೋಟೋ ಪತ್ರಿಕೆಯಲ್ಲಿ ಬಂತು, ಆ ಮನೆಗಳ ಮಾತು ಬರಬೇಕಾದಷ್ಟು ಬರಲಿಲ್ಲ. ನೀವು ಅವರಲ್ಲೊಬ್ಬರಾದರೆ ದಯವಿಟ್ಟು ಬರೆಯಿರಿ. ನೀತಿ ಬೇಡ, ಗೆಲುವೂ ಬೇಡ. ಟ್ರಂಕಿನಲ್ಲಿ ಯಾವ ಅಂಗಿ ಉಳಿದಿದೆ, ಅಷ್ಟು ಬರೆದರೆ ಸಾಕು.