ಕೊಂಬು ಬಿಡಿ, ಗೊರಸು ನೋಡಿ

ಹೈದರಾಬಾದಿನಲ್ಲಿ ಈಗ ಯೂನಿಕಾರ್ನ್ ಎಂದರೆ ನೂರು ಕೋಟಿ ಡಾಲರಿನ ಕಂಪನಿ, ಇಲ್ಲವೇ ಮಕ್ಕಳ ಸ್ಕೂಲ್ ಬ್ಯಾಗಿನ ಮೇಲಿನ ಗುಲಾಬಿ ಜುಟ್ಟಿನ ಕುದುರೆ. ಹಳೆಯ ಪ್ರಾಣಿಗ್ರಂಥಗಳ ಏಕಶೃಂಗಿಯನ್ನು ತೋರಿಸಿದರೆ ಜನ ಕೇಳುವುದು ಒಂದೇ: “ನಿಜವಾಗ್ಲೂ ಇತ್ತಾ?” ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ಹೋಗಿ, ಗಡಿಯಾರದ ಬೊಂಬೆ ಗಂಟೆ ಬಾರಿಸುವುದನ್ನಷ್ಟೇ ನೋಡಿ ಆಟೋ ಹತ್ತುವವರ ಪ್ರಶ್ನೆ ಅದು. ಅವರು ಇಲ್ಲಿಗೇ ನಿಲ್ಲಿಸಬಹುದು.

ಉಳಿದವರಿಗೆ ನನ್ನದೊಂದೇ ಮಾತು: ಕೊಂಬನ್ನು ಹೆಬ್ಬೆರಳಿನಿಂದ ಮುಚ್ಚಿ, ಕಾಲು ನೋಡಿ. ಕೊಂಬು ಬರೆಯುವುದರಲ್ಲಿ ಚಿತ್ರಕಾರನಿಗೆ ಕಷ್ಟವೇನಿರಲಿಲ್ಲ. ನಾರ್ವಾಲ್ ತಿಮಿಂಗಿಲದ ಹುರಿಹುರಿ ಹಲ್ಲು ಏಕಶೃಂಗಿಯ ಕೊಂಬೆಂಬ ಹೆಸರಲ್ಲಿ ಯುರೋಪಿನ ರಾಜಭಂಡಾರಗಳಲ್ಲಿ ಕೂತಿತ್ತು. ಕಾಲಿಗೆ ಅಂಥ ಮಾದರಿಯಿಲ್ಲ, ಅಲ್ಲಿ ಅವನು ಯಾರದಾದರೂ ಪಕ್ಷ ಹಿಡಿಯಲೇಬೇಕು. ಗ್ರೀಕ್ ಲೇಖಕ ಕ್ಟೀಸಿಯಸ್ ಹೇಳಿದ್ದು ಭಾರತದ ಒಂಟಿಕೊಂಬಿನ ಕಾಡುಕತ್ತೆ, ಅಂದಮೇಲೆ ಇಡಿಗೊರಸು. ಅರಿಸ್ಟಾಟಲ್ ಆ ಕತ್ತೆಯ ಜೊತೆಗೆ ಸೀಳುಗೊರಸಿನ ಒಂಟಿಕೊಂಬಿನ ಓರಿಕ್ಸ್ ಹುಲ್ಲೆಯನ್ನೂ ತಂದು ನಿಲ್ಲಿಸಿದ. ರೋಮಿನ ಪ್ಲಿನಿ ಆನೆಯ ಪಾದವನ್ನೇ ಅಂಟಿಸಿದ. 1582ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ, ವಿಷಕ್ಕೆ ಕೊಂಬು ಮದ್ದೆಂಬ ನಂಬಿಕೆಯನ್ನು ಜಾಲಾಡಿದ ಪುಸ್ತಕದಲ್ಲೇ, ಮುಂಗಾಲು ಜಿಂಕೆಯದು ಹಿಂಗಾಲು ಹೆಬ್ಬಾತಿನದು ಎಂಬ ‘ಕಾಂಫೂರ್’ ಪ್ರಾಣಿಯನ್ನು ಪ್ರಸ್ತಾಪಿಸಿದ. ಗೊರಸು ನೋಡಿದರೆ ಸಾಕು, ಚಿತ್ರಕಾರನ ಮೇಜಿನ ಮೇಲೆ ಯಾರ ಪುಸ್ತಕ ತೆರೆದಿತ್ತೆಂದು ಹೇಳಿಬಿಡಬಹುದು.

ನನಗೆ ಈ ಹುಚ್ಚು ಹತ್ತಿದ್ದು ಆಬಿಡ್ಸ್ ಫುಟ್‌ಪಾತಿನ ಭಾನುವಾರದ ಸಂತೆಯಲ್ಲಿ. ರಟ್ಟು ಕಿತ್ತುಹೋದ ಪುಸ್ತಕವೊಂದರಲ್ಲಿ ಕಾನ್ರಾಡ್ ಗೆಸ್ನರನ 1551ರ ಏಕಶೃಂಗಿಯೂ ಡ್ಯೂರರನ 1515ರ ಘೇಂಡಾಮೃಗವೂ ಇದ್ದವು. ಆ ಘೇಂಡಾಮೃಗ ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟದ್ದು, ಗೋವಾದಿಂದ ಹಡಗೇರಿ ಲಿಸ್ಬನ್ನಿಗೆ ಹೋದದ್ದು. ಡ್ಯೂರರ್ ಅದನ್ನು ಕಣ್ಣಾರೆ ಕಾಣಲಿಲ್ಲ, ಯಾರದೋ ಗೀಚುಚಿತ್ರ ನೋಡಿ ಮರದಚ್ಚಿಗೆ ಬರೆದ. ಮೈಗೆ ಕವಚ ತೊಡಿಸಿದ, ಹೆಗಲ ಮೇಲೆ ಇಲ್ಲದ ಕೊಂಬೊಂದನ್ನು ನೆಟ್ಟ. ಜಾಣರೆಲ್ಲ ಇದಕ್ಕೇ ನಗುತ್ತಾರೆ. ಬಹದ್ದೂರ್‌ಪುರದ ನೆಹರೂ ಜೂಗೆ ಹೋಗಿ ನೋಡಿ: ಘೇಂಡಾಮೃಗಕ್ಕೆ ಕಾಲಿಗೆ ಮೂರೇ ಬೆರಳು. ಡ್ಯೂರರ್ ಬರೆದದ್ದೂ ಮೂರೇ!

ಬಣ್ಣ, ತಾಮ್ರದಚ್ಚು ಎಲ್ಲ ಆಮೇಲೆ ತಾನಾಗಿ ತಿಳಿಯುತ್ತದೆ. ಈ ಕಾಲುಪರೀಕ್ಷೆ ಯುರೋಪಿಗಷ್ಟೇ ಅಲ್ಲ: ಸೃಷ್ಟಿಯ ಅಚ್ಚರಿಗಳನ್ನು ಹೇಳುವ ಖಜ್ವೀನಿಯ ಅಜಾಯಿಬ್ ಗ್ರಂಥ ನಮ್ಮ ದಖ್ಖನಿನಲ್ಲೂ ಪ್ರತಿಯಾಗಿದೆ. ಇಂಥ ಹಸ್ತಪ್ರತಿಗಳ ಒಂಟಿಕೊಂಬಿನ ಪ್ರಾಣಿ ಕರ್ಕದ್ದನ್‌ಗೆ ಎಷ್ಟೋ ಕಡೆ ರೆಕ್ಕೆಯೂ ಉಂಟು. ರೆಕ್ಕೆ ಕಂಡೊಡನೆ ಮೈಮರೆಯಬೇಡಿ, ಅಲ್ಲೂ ಕಾಲೇ ಮೊದಲು.

ಗೊರಸಿನ ವ್ಯಾಜ್ಯ ಕೊನೆಗೆ ವಿಜ್ಞಾನಿಗಳ ಕಟಕಟೆಗೂ ಬಂತು. ಸೀಳುಗೊರಸಿನ ಪ್ರಾಣಿಗೆ ಹಣೆಯ ಮೂಳೆಯೂ ಎರಡು ಹೋಳು, ನಡುವೆ ಕೊಂಬು ಹುಟ್ಟುವುದು ಅಸಾಧ್ಯ ಎಂದು ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕ್ಯೂವಿಯೆ ತೀರ್ಪಿತ್ತ. ಆದರೆ 1933ರಲ್ಲಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಡವ್, ಆಗತಾನೇ ಹುಟ್ಟಿದ ಹೋರಿಗರುವಿನ ಎರಡು ಕೊಂಬುಮೊಳಕೆಗಳನ್ನು ಕಿತ್ತು ಹಣೆಯ ನಡುವೆ ಕೂಡಿಸಿ ನೆಟ್ಟ. ಅವು ಬೆಸೆದು ಒಂದೇ ಕೊಂಬಾಗಿ ನೆಟ್ಟಗೆ ಬೆಳೆದವು. ಕತ್ತೆಯ ಪಕ್ಷದವರಿಗೆ ಇವತ್ತಿನವರೆಗೂ ಇಂಥದ್ದೊಂದು ಸಾಕ್ಷಿ ಸಿಕ್ಕಿಲ್ಲ.